ಅಮ್ಮಮ್ಮನ ಆರತಿ ಹಾಡಿನ ಧಾಟಿ ಎಲ್ಲಿಂದ ಬಂತು?

ಹೋದ ತಿಂಗಳು ಈ ಪುಟದಲ್ಲಿ ಮದುವೆ ಮನೆಯ ಹಾಡುಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟು ಕಾಗದ ಬರುತ್ತವೆ ಅಂದುಕೊಂಡಿರಲಿಲ್ಲ. ಕೆಲವರು ನನ್ನನ್ನು 'ಮೇಡಂ' ಎಂದಿದ್ದಾರೆ, ಕೆಲವರು 'ಅಕ್ಕೋರೇ' ಎಂದಿದ್ದಾರೆ. ನಾನು ಮೊದಲು ಪ್ರೈಮರಿ ಶಾಲೆಯ ಅಕ್ಕೋರು. ಆಮೇಲೆ ಓದು ಮುಂದುವರಿಸಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳಿಕೊಟ್ಟವಳು. ಎರಡೂ ಕರೆ ನನಗೆ ಇಷ್ಟವೇ. ಈ ಸಲ ಹಾಡಿನ ಪ್ರಶ್ನೆಗಳನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಅಕ್ಕೋರೇ, ನಮ್ಮ ಅತ್ತೆಯವರು ಹಸೆಗೆ ಕರೆಯುವ ಹಾಡನ್ನು ಬಹಳ ಚೆಂದ ಹಾಡುತ್ತಿದ್ದರು. ಅವರು ಹೋಗಿ ಮೂರು ವರ್ಷವಾಯಿತು. ಈಗ ನನ್ನ ಮಗಳು ಅದೇ ಹಾಡನ್ನು ಗಿಟಾರ್ ನುಡಿಸಿಕೊಂಡು ಹಾಡಿ ಮೊಬೈಲಿನಲ್ಲಿ ಹಾಕಿದ್ದಾಳೆ. ತುಂಬಾ ಜನ ಮೆಚ್ಚಿದ್ದಾರೆ. ನನಗೆ ಮಾತ್ರ ಹೊಟ್ಟೆಯೊಳಗೆ ಸಂಕಟ. ಅತ್ತೆಯದು ಅಪ್ಪಟ ಹಾಡು, ಇದು ನಕಲಿ ಅನ್ನಿಸುತ್ತದೆ. ಮಗಳಿಗೆ ಹೇಗೆ ಹೇಳಲಿ?
ಒಬ್ಬ ತಾಯಿ, ಶಿರಸಿ

ಉತ್ತರ: ತಂಗೀ, ಈ ಸಂಕಟ ನನಗೂ ಒಮ್ಮೆ ಆಗಿತ್ತು. ಆ ಕಥೆ ಹೇಳದೆ ನಿಮಗೆ ಉತ್ತರ ಕೊಡಲು ನನ್ನಿಂದ ಆಗುವುದಿಲ್ಲ.

1986ರ ಮಾತು. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಮದುವೆ ಹಾಡುಗಳ ಮೇಲೆ ಒಂದು ಪ್ರಬಂಧ ಬರೆಯಬೇಕಿತ್ತು. ಗೆಳತಿಯ ಟೇಪ್ ರೆಕಾರ್ಡರ್ ಕೇಳಿ ತೆಗೆದುಕೊಂಡು, ಅರವತ್ತು ನಿಮಿಷದ ಎರಡು ಕ್ಯಾಸೆಟ್ ಕೊಂಡು, ಕುಮಟಾ ಹತ್ತಿರದ ಅಜ್ಜನ ಮನೆಗೆ ಹೋದೆ. ಅಮ್ಮಮ್ಮ ಅಡುಗೆ ಮನೆಯಲ್ಲಿ ಕೂತು ಕಾಯಿ ತುರಿಯುತ್ತಿದ್ದಳು. ಹಾಡು ಅಂದೆ. ಕೈ ನಿಲ್ಲಿಸದೆ ಹಾಡಿದಳು. ಎಣ್ಣೆ ಹಚ್ಚುವ ಹಾಡು, ಹಸೆಗೆ ಕರೆಯುವ ಹಾಡು, ಕೊನೆಗೆ ಒಂದು ಆರತಿ ಹಾಡು. ಆ ಆರತಿ ಹಾಡಿಗೆ ನನ್ನ ಮೈ ಜುಮ್ಮೆಂದಿತು. 'ಹೊರಗಿನ ಗಾಳಿ ಸೋಕದ, ಶತಮಾನಗಳಷ್ಟು ಹಳೆಯ ಧಾಟಿ' ಎಂದು ಪ್ರಬಂಧದಲ್ಲಿ ಬರೆದೆ.

ನಮಗೆ ಪಾಠ ಹೇಳುತ್ತಿದ್ದ ಹಿರಿಯರೊಬ್ಬರು ಕ್ಯಾಸೆಟ್ ಹಾಕಿ ಕೇಳಿದರು. ಎರಡು ಸಾಲು ಮುಗಿಯುವಷ್ಟರಲ್ಲಿ ತಾವೂ ಗುನುಗಲು ಶುರು ಮಾಡಿದರು, ಮರಾಠಿಯಲ್ಲಿ. ಅದು ಸಂಗೀತ ನಾಟಕದ ಹಾಡಿನ ಧಾಟಿಯಾಗಿತ್ತು. ನನಗೆ ಅಲ್ಲೇ ಅಳು ಬಂತು. ಅಮ್ಮಮ್ಮನೇ ನನ್ನನ್ನು ಮೋಸ ಮಾಡಿದಳು ಅನ್ನಿಸಿತು.

ದೀಪಾವಳಿಗೆ ಹೋದಾಗ ಅವಳನ್ನು ಕೇಳಿದೆ. ಅವಳು ಏನೂ ಮುಚ್ಚಿಡಲಿಲ್ಲ. ಮದುವೆಯಾದ ಹೊಸತರಲ್ಲಿ ಕುಮಟೆಗೆ ನಾಟಕ ಕಂಪನಿ ಬಂದಿತ್ತಂತೆ. ಅಜ್ಜ ಗಾಡಿ ಕಟ್ಟಿಸಿ ಕರೆದುಕೊಂಡು ಹೋಗಿದ್ದನಂತೆ. ಅವನು ಅವಳನ್ನು ಮನೆಯಿಂದ ಹೊರಗೆ ಕರೆದುಕೊಂಡು ಹೋದದ್ದು ಅದೇ ಮೊದಲು. "ಆ ಹಾಡು ಚೊಲೋ ಇತ್ತು. ಆರತಿಗೆ ಹೊಂದ್ತು. ಹಾಕ್ಯಂಡಿ" ಎಂದಳು.

ಆಮೇಲೆ ಓದುತ್ತಾ ಹೋದಾಗ ನನಗೆ ಇನ್ನೊಂದು ವಿಷಯ ಸಿಕ್ಕಿತು. ನಮ್ಮ ಉತ್ತರ ಕನ್ನಡ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಮರಾಠಿ ಕಂಪನಿಗಳು ಬಂದುಹೋಗುವುದು ಸಹಜವೇ. ಆದರೆ ಆ ಮರಾಠಿ ರಂಗಭೂಮಿ ಹುಟ್ಟಿದ್ದು ಹೇಗೆ? 1842ರಲ್ಲಿ ನಮ್ಮ ಹೊನ್ನಾವರದ ಕರ್ಕಿಯ ಯಕ್ಷಗಾನ ಮೇಳ ಸಾಂಗ್ಲಿಗೆ ಹೋಗಿ ಆಟ ಆಡಿತ್ತು. ಅದನ್ನು ನೋಡಿದ ಅಲ್ಲಿನ ಅರಸರು, ಮರಾಠಿಯಲ್ಲೂ ಹೀಗೊಂದು ಮಾಡು ಎಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. ಮರುವರ್ಷ, 1843ರಲ್ಲಿ, ಭಾವೆಯವರ ಸೀತಾ ಸ್ವಯಂವರ ಸಾಂಗ್ಲಿಯಲ್ಲಿ ರಂಗಕ್ಕೆ ಬಂತು. ಮರಾಠಿ ನಾಟಕದ ಮೊದಲ ಹೆಜ್ಜೆ ಎಂದು ಅದನ್ನೇ ಹೇಳುತ್ತಾರೆ. ಅಂದರೆ ನಮ್ಮ ಕರಾವಳಿಯ ಆಟ ಸಾಂಗ್ಲಿಗೆ ಹೋಯಿತು. ಅಲ್ಲಿ ನಾಟಕವಾಗಿ ಬೆಳೆಯಿತು. ಆ ನಾಟಕದ ಹಾಡು ಕುಮಟೆಗೆ ಬಂತು. ಅಲ್ಲಿಂದ ನಮ್ಮ ಅಮ್ಮಮ್ಮನ ಆರತಿ ತಟ್ಟೆಗೆ ಬಂತು. ಇದರಲ್ಲಿ ಯಾವ ಜಾಗದಲ್ಲಿ ಗೆರೆ ಎಳೆದು 'ಇಲ್ಲಿಗೆ ಅಪ್ಪಟ, ಇಲ್ಲಿಂದ ಮುಂದೆ ನಕಲಿ' ಎನ್ನುವುದು, ಹೇಳಿ?

ಹಾಡನ್ನು ಅಧ್ಯಯನ ಮಾಡುವವರು ಈ ಗೆರೆಯ ಬಗ್ಗೆ ತುಂಬಾ ತಲೆ ಕೆಡಿಸಿಕೊಂಡಿದ್ದಾರೆ. ಇಂಗ್ಲೆಂಡಿನ ಅಲನ್ ಮೂರ್ ಎಂಬ ಸಂಗೀತ ವಿದ್ವಾಂಸರು 2002ರಲ್ಲಿ ಒಂದು ಲೇಖನ ಬರೆದರು. ಅಪ್ಪಟತನ ಹಾಡಿನೊಳಗೆ ಕೂತಿರುವ ಗುಣ ಅಲ್ಲ, ಕೇಳುವವರು ಅದನ್ನು ಕೊಡುತ್ತಾರೆ ಎನ್ನುವುದು ಅವರ ಮಾತು. ಹಾಗೆ ಕೊಡುವುದು ಮೂರು ಬಗೆಯಲ್ಲಿ. 'ಇವಳು ತನ್ನ ಮನಸ್ಸಿನಲ್ಲಿ ಇದ್ದದ್ದನ್ನೇ ಹಾಡುತ್ತಿದ್ದಾಳೆ' ಎಂದು ನಂಬುವುದು ಒಂದು. 'ಇವಳು ನನ್ನ ಬದುಕನ್ನು ಹಾಡುತ್ತಿದ್ದಾಳೆ' ಅನ್ನಿಸುವುದು ಇನ್ನೊಂದು. 'ಇಲ್ಲಿ ಇಲ್ಲದವರ ಹಾಡನ್ನು, ಹಿಂದಿನವರ ಹಾಡನ್ನು, ಇವಳು ಸರಿಯಾಗಿ ನಮಗೆ ಮುಟ್ಟಿಸುತ್ತಿದ್ದಾಳೆ' ಎಂದು ಒಪ್ಪುವುದು ಮೂರನೆಯದು.

ನಿಮ್ಮ ಮನೆಯಲ್ಲಿ ಆಗಿರುವುದನ್ನು ಹೀಗೆ ನೋಡಿ. ನಿಮಗೆ ಬೇಕಿರುವುದು ಮೂರನೆಯದು. ಅತ್ತೆಯವರು ಹಾಡಿದಂತೆಯೇ ಬರಲಿ ಎಂಬ ಆಸೆ. ಮಗಳು ಕೊಡುತ್ತಿರುವುದು ಮೊದಲನೆಯದು. ಅಜ್ಜಿಯ ಹಾಡು ತನ್ನೊಳಗೆ ಹೇಗೆ ಉಳಿದಿದೆಯೋ ಹಾಗೆ ಹಾಡುತ್ತಿದ್ದಾಳೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಗಿಟಾರ್ ಬಗ್ಗೆ ಒಂದು ಮಾತು. 1966ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅಮೆರಿಕದ ಹಾಡುಗಾರ ಬಾಬ್ ಡಿಲನ್ ಕರೆಂಟಿನ ಗಿಟಾರ್ ಹಿಡಿದು ಹಾಡುತ್ತಿದ್ದಾಗ ಪ್ರೇಕ್ಷಕನೊಬ್ಬ 'ಜೂಡಾಸ್' ಎಂದು ಕೂಗಿದ. ಕ್ರಿಸ್ತನನ್ನು ಹಿಡಿದುಕೊಟ್ಟ ದ್ರೋಹಿಯ ಹೆಸರು ಅದು. ಆ ಜನರಿಗೆ ಬರೀ ಕಟ್ಟಿಗೆಯ ಗಿಟಾರೇ ಅಪ್ಪಟ, ಕರೆಂಟಿನದು ದ್ರೋಹ. ನಿಮಗೆ ಕಟ್ಟಿಗೆಯ ಗಿಟಾರೇ ದ್ರೋಹ. ವಾದ್ಯದಲ್ಲಿ ಏನೂ ಇಲ್ಲ, ಅಲ್ವಾ? ನಾವು ಎಲ್ಲಿ ಕೂತು ಕೇಳುತ್ತಿದ್ದೇವೆ ಎನ್ನುವುದರಲ್ಲಿ ಇದೆ.

ಆದರೂ ನಿಮ್ಮ ಸಂಕಟ ಸುಮ್ನೆ ಅಲ್ಲ. ಒಂದು ವಿಷಯದಲ್ಲಿ ನಾನು ನಿಮ್ಮ ಕಡೆ. ಹಸೆಗೆ ಕರೆಯುವ ಹಾಡಿಗೆ ಇಷ್ಟೇ ಉದ್ದ ಅಂತ ಇಲ್ಲ. ಮದುಮಗಳು ಬಂದು ಕೂರುವ ತನಕ ಹಾಡಬೇಕು. ಸೆರಗು ಸರಿಪಡಿಸಲು ಹೊತ್ತಾದರೆ ಇನ್ನೆರಡು ನುಡಿ ಸೇರಿಸುತ್ತಾರೆ. ಮೊಬೈಲಿಗೆ ಬೇಕಿರುವುದು ಒಂದು ನಿಮಿಷ. ಹಾಡನ್ನು ಯಂತ್ರದ ಅಳತೆಗೆ ಕತ್ತರಿಸುವುದು ಇವತ್ತಿನದಲ್ಲ. 1902ರಲ್ಲಿ ಕಲ್ಕತ್ತದಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗಲೂ, ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಮೂರು ನಿಮಿಷಕ್ಕೆ ಮುಗಿಸಬೇಕಿತ್ತು. ಆದರೆ ಮದುವೆ ಹಾಡಿನಲ್ಲಿ ನುಡಿ ಬಿಟ್ಟುಹೋದರೆ ನೆಂಟರ ಹೆಸರು ಬಿಟ್ಟುಹೋಗುತ್ತದೆ, ಸೋದರಮಾವ ಬಿಟ್ಟುಹೋಗುತ್ತಾನೆ. ಆ ನಷ್ಟ ದೊಡ್ಡದು. ಮಗಳನ್ನು ಕೂರಿಸಿಕೊಂಡು ಬಿಟ್ಟ ನುಡಿಗಳನ್ನು ಹೇಳಿಕೊಡಿ. ಗಿಟಾರ್ ಇರಲಿ. ಹಾಡಿನ ಜೊತೆ ಅತ್ತೆಯವರ ಹೆಸರನ್ನೂ ಬರೆಯಲು ಹೇಳಿ.

ಪ್ರಶ್ನೆ: ಸಿನಿಮಾದಲ್ಲಿ ಹಾಡುವವರು ಒಬ್ಬರು, ಬಾಯಿ ಆಡಿಸುವವರು ಇನ್ನೊಬ್ಬರು. ಇದು ಮೋಸ ಅಲ್ವಾ?
ಒಂಬತ್ತನೇ ತರಗತಿಯ ಹುಡುಗ, ಅಂಕೋಲಾ

ಉತ್ತರ: ಅಲ್ಲ ಮಗಾ. ನಮ್ಮ ಅಪ್ಪಯ್ಯನಿಗೆ ಪಿ. ಬಿ. ಶ್ರೀನಿವಾಸ್ ಅವರ ದನಿಯೇ ರಾಜಕುಮಾರರ ದನಿ. ಶ್ರೀನಿವಾಸ್ ಹುಟ್ಟಿದ್ದು ಆಂಧ್ರದ ಕಾಕಿನಾಡದಲ್ಲಿ. 1974ರಲ್ಲಿ ಸಂಪತ್ತಿಗೆ ಸವಾಲ್ ಬಂತು. ರಾಜಕುಮಾರರು ಅದರಲ್ಲಿ ತಾವೇ ಹಾಡಿದರು, ಆಮೇಲೆ ಹಾಡುತ್ತಲೇ ಹೋದರು. ಆಗ ಅಪ್ಪಯ್ಯ ಒಂದು ವಾರ 'ಇದು ರಾಜಕುಮಾರನ ದನಿ ಅಲ್ಲ' ಎಂದು ಹೇಳುತ್ತಿದ್ದ. ಖರೆ ದನಿ ಬಂದಾಗ ಅದೇ ಅವನಿಗೆ ನಕಲಿ ಅನ್ನಿಸಿತ್ತು. ಮುಂದೆ ಅದೇ ರಾಜಕುಮಾರರಿಗೆ ಹಾಡುಗಾರಿಕೆಗೆ ರಾಷ್ಟ್ರಪ್ರಶಸ್ತಿಯೂ ಬಂತು. ಅಪ್ಪಯ್ಯ ಎರಡೂ ದನಿಗಳನ್ನು ಒಪ್ಪಿಕೊಂಡ.

ಪ್ರಶ್ನೆ: ಈಗಿನ ಭಾಗವತರು ಪದ್ಯವನ್ನು ಸಿನಿಮಾ ಹಾಡಿನ ಹಾಗೆ ಎಳೆಯುತ್ತಾರೆ. ನಮ್ಮ ಕಾಲದ ಯಕ್ಷಗಾನವೇ ಶುದ್ಧ. ಇದನ್ನು ನೀವು ಗಟ್ಟಿಯಾಗಿ ಬರೆಯಬೇಕು.
ಹಿರಿಯ ಓದುಗರು, ಹೊನ್ನಾವರ

ಉತ್ತರ: ತಮ್ಮ ಕಾಗದದಲ್ಲಿ 'ಕಾಳಿಂಗ ನಾವಡರ ಕಾಲವೇ ಕಾಲ' ಎಂದು ಬರೆದಿದ್ದೀರಿ. ಅವರ ಕ್ಯಾಸೆಟ್ ಕೇಳಿದರೆ ನನಗೂ ಎದ್ದು ಹೋಗಲು ಮನಸ್ಸು ಬರುವುದಿಲ್ಲ. 1990ರಲ್ಲಿ ಅಪಘಾತದಲ್ಲಿ ಅವರು ತೀರಿಕೊಂಡ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಆದರೆ ಅವರು ಹೊಸ ರಾಗಗಳನ್ನು ತಂದು ಹಾಡುತ್ತಿದ್ದ ದಿನಗಳಲ್ಲಿ, ನಮ್ಮ ದೊಡ್ಡಪ್ಪ ಅಂಗಳದಲ್ಲಿ ಕವಳ ಹಾಕುತ್ತಾ ಹೇಳಿದ್ದು ನನಗೆ ನೆನಪಿದೆ: 'ಇದು ಯಕ್ಷಗಾನ ಅಲ್ಲ, ಸಿನಿಮಾ.' ತಾವು ಈಗ ಹೇಳುತ್ತಿರುವ ಮಾತು ಅದೇ.

ಹಿಂದೆ ಶ್ರುತಿಗೆ ಪುಂಗಿ ಊದುತ್ತಿದ್ದರು. ಆಮೇಲೆ ಹಾರ್ಮೋನಿಯಂ ಬಂತು, ಶ್ರುತಿಪೆಟ್ಟಿಗೆ ಬಂತು. ದೊಂದಿಯ ಜಾಗಕ್ಕೆ ಗ್ಯಾಸ್‌ಲೈಟ್, ಅದರ ಜಾಗಕ್ಕೆ ಕರೆಂಟು. ಎಲ್ಲಕ್ಕಿಂತ ಹೆಚ್ಚು ಬದಲಾಯಿಸಿದ್ದು ಮೈಕು. ಮೈಕ್ ಇಲ್ಲದಾಗ ಭಾಗವತರು ಚಂಡೆಯನ್ನೂ ಮೀರಿ ಗದ್ದೆಯ ಆಚೆ ಬದಿಗೆ ಕೇಳಿಸಬೇಕಿತ್ತು. ಏರುದನಿಯೇ ಗತಿ. ಮೈಕ್ ಬಂದ ಮೇಲೆ ಪಿಸುದನಿಯಲ್ಲಿ ಕರುಣರಸ ಹಾಡಬಹುದಾಯಿತು. ಸೈಮನ್ ಫ್ರಿತ್ ಎಂಬ ಬ್ರಿಟಿಷ್ ಸಮಾಜಶಾಸ್ತ್ರಜ್ಞರು 1986ರಲ್ಲಿ ಇದೇ ವಿಷಯ ಬರೆದಿದ್ದಾರೆ. ಅವರ ಕಡೆಯೂ ಮೈಕಿನ ಮುಂದೆ ಮೆಲ್ಲಗೆ ಹಾಡುವವರನ್ನು ಜನ ಮೊದಮೊದಲು ನಂಬಲಿಲ್ಲವಂತೆ. ಅದು ಪ್ರಾಮಾಣಿಕ ದನಿ ಅಲ್ಲ ಎಂದರಂತೆ. ಈಗ ಅದೇ ದನಿ ನಮಗೆ ಹತ್ತಿರದ ದನಿ.

ಇಷ್ಟು ಹೇಳಿದ ಮೇಲೂ ಹೇಳುತ್ತೇನೆ, ಎಲ್ಲ ಬದಲಾವಣೆಯೂ ಒಳ್ಳೆಯದೇ ಎನ್ನುವವಳು ನಾನಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಮಗ ಶಂಭು ಹೆಗಡೆಯವರು ಅದನ್ನು ಬೆಳೆಸಿದರು. ಅವರೂ ಬದಲಾಯಿಸಿದವರೇ. ಯಾವುದನ್ನು ಬಿಡಬಾರದು ಎಂದು ಗೊತ್ತಿದ್ದೇ ಬದಲಾಯಿಸಿದರು. ಪದ್ಯ ಹಾಡುವುದು ಪಾತ್ರ ಕುಣಿಯಲಿ ಎಂದು. ಕುಣಿಯುವವರನ್ನು ನಿಲ್ಲಿಸಿಟ್ಟು ಭಾಗವತರೊಬ್ಬರೇ ಹಾಡಿಕೊಂಡಿದ್ದರೆ ನನಗೂ ಬೇಸರವೇ. 'ಶುದ್ಧ ಅಲ್ಲ' ಎಂದರೆ ಹುಡುಗರು ಕೇಳಿಸಿಕೊಳ್ಳುವುದಿಲ್ಲ. 'ನಿನ್ನ ಪದ್ಯಕ್ಕೆ ಕುಣಿತ ಎಲ್ಲಿ?' ಎಂದು ಕೇಳಿ. ಉತ್ತರ ಕೊಡಲೇಬೇಕಾಗುತ್ತದೆ.

ಪ್ರಶ್ನೆ: ನನ್ನ ವಯಸ್ಸು 24. ಊರು ಸದಾಶಿವಗಡ. ಕೆಲಸ ಬೆಂಗಳೂರಿನಲ್ಲಿ. ಅಪ್ಪ ಟೆಂಪೋ ಓಡಿಸುತ್ತಿದ್ದರು. ಕಾಳಿ ಸೇತುವೆ ದಾಟಿ ಕಾರವಾರಕ್ಕೆ ಹೋಗುವಾಗ ಎಂಬತ್ತರ ದಶಕದ ಹಾಡಿನ ಒಂದೇ ಕ್ಯಾಸೆಟ್ ಹಾಕುತ್ತಿದ್ದರು. 2024ರ ಆಗಸ್ಟಿನಲ್ಲಿ ಹಳೆ ಸೇತುವೆ ಬಿದ್ದ ಸುದ್ದಿ ಓದಿದ ರಾತ್ರಿ, ರೂಮಿನಲ್ಲಿ ಆ ಹಾಡು ಹಾಕಿಕೊಂಡು ಅತ್ತುಬಿಟ್ಟೆ. ಅವು ನಾನು ಹುಟ್ಟುವ ಮೊದಲಿನ ಹಾಡುಗಳು. ಇದು ಕಾಯಿಲೆಯಾ?
ಬೆಂಗಳೂರಿನಿಂದ, ಕಾರವಾರದ ಹುಡುಗ

ಉತ್ತರ: ತಮ್ಮಾ, ಒಂದು ಕಾಲದಲ್ಲಿ ಇದನ್ನು ಕಾಯಿಲೆ ಎಂದೇ ಕರೆದಿದ್ದರು. 1688ರಲ್ಲಿ ಬಾಸೆಲ್ ಎಂಬ ಊರಲ್ಲಿ ವೈದ್ಯಕೀಯ ಓದುತ್ತಿದ್ದ ಯೋಹಾನೆಸ್ ಹೋಫರ್ ಒಂದು ಪ್ರಬಂಧ ಬರೆದ. ಊರು ಬಿಟ್ಟು ದೂರ ಹೋದ ಸ್ವಿಸ್ ಜನ ಊಟ ಬಿಟ್ಟು, ನಿದ್ದೆ ಬಿಟ್ಟು ಸೊರಗುತ್ತಿದ್ದರು. ಅದಕ್ಕೆ ಅವನು ಎರಡು ಗ್ರೀಕ್ ಮಾತು ಸೇರಿಸಿ 'ನಾಸ್ಟಾಲ್ಜಿಯಾ' ಎಂದು ಹೆಸರಿಟ್ಟ. ಮನೆಗೆ ಮರಳುವುದು ಒಂದು ಮಾತು, ನೋವು ಇನ್ನೊಂದು. ನಾವು ಹಳಹಳಿಕೆ ಎನ್ನುತ್ತೇವಲ್ಲ, ಅದು. ಬೇರೆ ರಾಜರ ಸೈನ್ಯದಲ್ಲಿ ಕೂಲಿಗೆ ಹೋರಾಡುತ್ತಿದ್ದ ಸ್ವಿಸ್ ಸಿಪಾಯಿಗಳಲ್ಲಿ ಇದು ಜಾಸ್ತಿ ಎಂಬ ಮಾತು ಆಮೇಲೆ ಹಬ್ಬಿತು.

ಇದರಲ್ಲಿ ಒಂದು ಹಾಡಿನ ಕಥೆ ಇದೆ. ಬೆಟ್ಟದ ಮೇಲೆ ದನ ಮೇಯಿಸುವವರು ದನಗಳನ್ನು ಕರೆಯಲು ಹಾಡುವ ಒಂದು ಧಾಟಿ ಸ್ವಿಸ್ ಜನರಲ್ಲಿ ಇತ್ತು. ಸೈನ್ಯದಲ್ಲಿ ಅದನ್ನು ನುಡಿಸಬಾರದು ಎಂದು ನಿಷೇಧ ಇತ್ತು, ಕೇಳಿದರೆ ಸಿಪಾಯಿಗಳು ಅಳುತ್ತಿದ್ದರು, ಓಡಿಹೋಗುತ್ತಿದ್ದರು ಎಂದು ತತ್ವಜ್ಞಾನಿ ರೂಸೋ 1768ರ ತನ್ನ ಸಂಗೀತ ನಿಘಂಟಿನಲ್ಲಿ ಬರೆದಿದ್ದಾನೆ. ಜೊತೆಗೆ ಬಹಳ ಮುಖ್ಯವಾದ ಇನ್ನೊಂದು ಮಾತನ್ನೂ ಸೇರಿಸಿದ್ದಾನೆ. ಅದೇ ಧಾಟಿಯನ್ನು ಹೊರಗಿನವರು ಕೇಳಿದರೆ ಏನೂ ಆಗುವುದಿಲ್ಲ. ಅಲ್ಲಿ ಕೆಲಸ ಮಾಡುತ್ತಿರುವುದು ಸಂಗೀತ ಅಲ್ಲ, ನೆನಪು.

ನಿನಗೆ ಆದದ್ದೂ ಅದೇ. ಆ ಹಾಡು ನಿನ್ನ ಪಕ್ಕದ ರೂಮಿನ ಹುಡುಗನಿಗೆ ಬರೀ ಒಂದು ಹಳೆ ಹಾಡು. ನಿನಗೆ ಅದರಲ್ಲಿ ಸೇತುವೆ ಇದೆ, ಕೆಳಗೆ ಕಾಳಿ ನದಿ ಇದೆ, ಅಪ್ಪನ ಮೊಣಕೈ ಕಿಟಕಿಯ ಮೇಲಿದೆ.

ಹುಟ್ಟುವ ಮೊದಲಿನ ಹಾಡಿಗೆ ಯಾಕೆ ಅಳು ಎಂದು ಕೇಳಿದ್ದೀಯ. ಹತ್ತರಿಂದ ಮೂವತ್ತು ವರ್ಷದ ನಡುವೆ ಆದದ್ದು ಜನರಿಗೆ ಮುದಿವಯಸ್ಸಿನಲ್ಲೂ ಹೆಚ್ಚು ನೆನಪಿರುತ್ತದೆ ಎಂದು ಮನಶ್ಶಾಸ್ತ್ರಜ್ಞರು ಹಿಂದಿನಿಂದ ಹೇಳುತ್ತಾ ಬಂದಿದ್ದಾರೆ. 2013ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕರೋಲ್ ಕ್ರುಮ್‌ಹಾನ್ಸಲ್ ಮತ್ತು ಜೊತೆಗಾರರೊಬ್ಬರು ಒಂದು ಅಧ್ಯಯನ ಪ್ರಕಟಿಸಿದರು. ಇಪ್ಪತ್ತರ ಆಸುಪಾಸಿನ 62 ಹುಡುಗ ಹುಡುಗಿಯರಿಗೆ 1955ರಿಂದ 2009ರವರೆಗಿನ ಜನಪ್ರಿಯ ಹಾಡುಗಳನ್ನು ಕೇಳಿಸಿದರು. ಅವರು ತಮ್ಮ ಕಾಲದ ಹಾಡುಗಳನ್ನು ಮೆಚ್ಚಿದ್ದು ಸರಿಯೇ. ಅದರ ಜೊತೆಗೆ ತಮ್ಮ ಅಪ್ಪ ಅಮ್ಮ ಹರೆಯದಲ್ಲಿದ್ದಾಗಿನ ಹಾಡುಗಳ ಹತ್ತಿರವೂ ಅವರ ಮನಸ್ಸು ನಿಂತಿತ್ತು. ಮನೆಯಲ್ಲಿ ಹಾಡು ಹಾಕುತ್ತಿದ್ದವರು ದೊಡ್ಡವರು. ಮಕ್ಕಳು ಅಲ್ಲೇ ಆಡುತ್ತಿದ್ದರು. ಹಾಡು ಹಾಗೇ ಒಳಗೆ ಇಳಿಯಿತು. ನಿನ್ನ ಅಪ್ಪ ನಿನಗೆ ಬಿಟ್ಟುಕೊಟ್ಟದ್ದು ಅದು.

ಇನ್ನೊಬ್ಬರ ವಿಷಯ ಹೇಳಬೇಕು. ಸ್ವೆತ್ಲಾನಾ ಬೊಯಿಮ್ ಎಂಬವರು ಲೆನಿನ್‌ಗ್ರಾಡಿನಲ್ಲಿ ಹುಟ್ಟಿ, ಊರು ಬಿಟ್ಟು ಅಮೆರಿಕಕ್ಕೆ ಹೋಗಿ, ಹಾರ್ವರ್ಡಿನಲ್ಲಿ ಪಾಠ ಹೇಳಿದವರು. 2001ರಲ್ಲಿ ಬಂದ ಅವರ ಪುಸ್ತಕದಲ್ಲಿ ಹಳಹಳಿಕೆಯನ್ನು ಎರಡು ಮಾಡಿ ತೋರಿಸಿದ್ದಾರೆ. ಒಂದು, ಹೋದ ಮನೆಯನ್ನು ಇದ್ದಂತೆಯೇ ಮತ್ತೆ ಕಟ್ಟಬೇಕು ಎನ್ನುವುದು. ಅದು ಹಟ ಹಿಡಿಯುತ್ತದೆ, ಮನೆ ಹಾಳು ಮಾಡಿದವರು ಯಾರು ಎಂದು ಹುಡುಕಲು ಹೊರಡುತ್ತದೆ. ಇನ್ನೊಂದು, ಮನೆ ಇಲ್ಲ ಎಂದು ಗೊತ್ತಿದ್ದೂ ಆ ನೆನಪಿನ ಹತ್ತಿರ ಸ್ವಲ್ಪ ಹೊತ್ತು ಕೂರುವುದು. ನೀನು ಮಾಡಿದ್ದು ಎರಡನೆಯದು. ಅದಕ್ಕೆ ಔಷಧಿ ಬೇಡ. ಮುಂದಿನ ಸಲ ಊರಿಗೆ ಹೋದಾಗ ಅಪ್ಪನ ಪಕ್ಕ ಕೂತು ಆ ಹಾಡು ಹಾಕು. ಅವರಿಗೆ ಆ ಹಾಡಿನಲ್ಲಿ ಯಾರು ಕಾಣುತ್ತಾರೆ ಎಂದು ಕೇಳು. ಬೇರೆಯೇ ಯಾರೋ ಇರುತ್ತಾರೆ.

ಪ್ರಶ್ನೆ: ನಾನು ಡಿಗ್ರಿ ಓದುತ್ತಿದ್ದೇನೆ. ಸಿನಿಮಾ ಹಾಡುಗಳ ಮೇಲೆ ಪ್ರಾಜೆಕ್ಟ್ ಮಾಡುತ್ತೇನೆ ಎಂದರೆ 'ಅದೆಲ್ಲ ಓದುವ ವಿಷಯವೇ?' ಎಂದು ನಕ್ಕರು. ಹೌದಾ ಮೇಡಂ?
ವಿದ್ಯಾರ್ಥಿನಿ, ಕುಮಟಾ

ಉತ್ತರ: ಓದುವ ವಿಷಯವೇ. 1981ರಿಂದ ಇದಕ್ಕೆಂದೇ ಅಂತರರಾಷ್ಟ್ರೀಯ ಸಂಘವಿದೆ, ವಿದ್ವತ್ ಪತ್ರಿಕೆಯಿದೆ. ಇದರಲ್ಲಿ ಜಗಳವೂ ಹಳೆಯದು. ಜರ್ಮನಿಯ ತತ್ವಜ್ಞಾನಿ ಅಡೊರ್ನೊ 1941ರಲ್ಲಿ, ಜನಪ್ರಿಯ ಹಾಡುಗಳೆಲ್ಲ ಕಾರ್ಖಾನೆಯಲ್ಲಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವು, ಹೊಸತು ಎಂದು ತೋರುವುದು ಮೇಲಿನ ಬಣ್ಣ ಮಾತ್ರ ಎಂದರು. ಮಾತಿನಲ್ಲಿ ಹುರುಳಿದೆ. ಆದರೆ ಅವರು ಕೇಳುವವರನ್ನು ಹೋಗಿ ಕೇಳಲಿಲ್ಲ. ನಾನು ಮೇಲೆ ಹೇಳಿದ ಸೈಮನ್ ಫ್ರಿತ್ ಪ್ರಶ್ನೆಯನ್ನೇ ತಿರುಗಿಸಿದರು. ಈ ಹಾಡು ಈ ಜನರ ಬಗ್ಗೆ ಏನು ಹೇಳುತ್ತದೆ ಎಂದು ಹುಡುಕುವ ಬದಲು, ಈ ಹಾಡು ಈ ಜನರನ್ನು ಹೇಗೆ 'ನಾವು' ಎನ್ನುವಂತೆ ಮಾಡುತ್ತದೆ ಎಂದು ನೋಡಿ ಎಂದರು.

ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ರೇಡಿಯೋ ಇದೆ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಫ್ರಾನ್ಸಿನಿಂದ ಬಂದ ಪೆಟ್ಟಿಗೆ, ನಮ್ಮ ಸ್ವರದ ಎಳೆತ ಅದರಲ್ಲಿ ಬರುವುದಿಲ್ಲ ಎಂಬ ಕಾರಣ. ಅದೇ ಪೆಟ್ಟಿಗೆ ನಮ್ಮ ಊರಿನ ಭಜನೆಯಲ್ಲಿ, ಕೀರ್ತನೆಯಲ್ಲಿ ಕೂತೇ ಇತ್ತು. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಬಿ. ವಿ. ಕೇಸ್ಕರ್ ಅವರ ಕಾಲದಲ್ಲಿ ಸಿನಿಮಾ ಹಾಡಿಗೂ ಕತ್ತರಿ ಬಿತ್ತು. ಜನ ಸುಮ್ಮನೆ ರೇಡಿಯೋ ಸಿಲೋನಿಗೆ ಮುಳ್ಳು ತಿರುಗಿಸಿದರು. ಕೊನೆಗೆ 1957ರ ಅಕ್ಟೋಬರಿನಲ್ಲಿ ಆಕಾಶವಾಣಿಯದೇ ವಿವಿಧ ಭಾರತಿ ಬಂತು, ಸಿನಿಮಾ ಹಾಡು ಮರಳಿತು. ಯಾವುದು ಒಳ್ಳೆಯ ಹಾಡು ಎಂದು ಯಾರು ತೀರ್ಮಾನಿಸುತ್ತಾರೆ? ಅದನ್ನೇ ನಿನ್ನ ಪ್ರಾಜೆಕ್ಟಿನ ಪ್ರಶ್ನೆ ಮಾಡಿಕೋ. ನಿಮ್ಮ ಓಣಿಯ ಹತ್ತು ಮನೆಗೆ ಹೋಗಿ ಕೇಳು.

ಪ್ರಶ್ನೆ: ಸುಗ್ಗಿ ಹಾಡು, ಗುಮಟೆ ಪಾಂಗ್ ಈಗ ವೇದಿಕೆಯ ಮೇಲೆ ಹತ್ತು ನಿಮಿಷದ ಕಾರ್ಯಕ್ರಮ ಆಗಿವೆ. ಗುಮಟೆಗೂ ಈಗ ಆಡಿನ ಚರ್ಮ. ಅಸಲಿ ಎಲ್ಲಿ ಉಳಿಯಿತು?
ಓದುಗರು, ಅಂಕೋಲಾ

ಉತ್ತರ: ಚರ್ಮದ ವಿಷಯ ಮೊದಲು. ಗುಮಟೆಯ ಮಡಕೆಯ ಬಾಯಿಗೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಉಡಕ್ಕೆ ರಕ್ಷಣೆ ಇದೆ, ಹಾಗಾಗಿ ಆಡಿನ ಚರ್ಮ. ಪಕ್ಕದ ಗೋವಾದಲ್ಲೂ ಹಾಗೆಯೇ ಮಾಡಿಕೊಂಡು, 2019ರಲ್ಲಿ ಅದನ್ನು ತಮ್ಮ ರಾಜ್ಯದ ಪರಂಪರೆಯ ವಾದ್ಯ ಎಂದು ಸಾರಿದರು. ನಾದ ಸ್ವಲ್ಪ ಬೇರೆ ಎಂದು ಬಾರಿಸುವವರು ಹೇಳುತ್ತಾರೆ. ಉಡ ಉಳಿಯಿತಲ್ಲ, ಆ ವ್ಯತ್ಯಾಸವನ್ನು ನಾನು ಒಪ್ಪುತ್ತೇನೆ.

ವೇದಿಕೆಯ ವಿಷಯದಲ್ಲಿ ನಿಮ್ಮ ನೋವು ನನ್ನದೂ ಹೌದು. ಬಡಿಗೇರಿಯ ಸುಕ್ರಿ ಬೊಮ್ಮಗೌಡರು 2025ರಲ್ಲಿ ಹೋದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದಿತ್ತು. ಹಾಲಕ್ಕಿ ಸಮುದಾಯದವರ ಹಾಡನ್ನು ವೇದಿಕೆಗೆ ತಂದವರೂ ಅವರೇ, ಊರಿನಲ್ಲಿ ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ನಿಂತವರೂ ಅವರೇ. ವೇದಿಕೆ ಏರಿದ್ದಕ್ಕೆ ಅವರ ಹಾಡು ನಕಲಿ ಆಗಲಿಲ್ಲ. ಯಾಕೆ? ಹಾಡಿನ ಮೇಲೆ ಅವರ ಹಕ್ಕು ಅವರ ಕೈಯಲ್ಲೇ ಇತ್ತು. ಎಷ್ಟು ಹಾಡಬೇಕು, ಯಾವುದನ್ನು ಹಾಡಬೇಕು ಎಂದು ಅವರಿಗೆ ಗೊತ್ತಿತ್ತು.

ನನಗೆ ಸಿಟ್ಟು ಬರುವುದು ಬೇರೆ ಕಡೆ. ಕೆಲವು ವರ್ಷಗಳ ಹಿಂದೆ ಒಂದು ಕೇರಿಗೆ ನಾನೂ ಹೋಗಿದ್ದೆ. ಹೊರಗಿನಿಂದ ಬಂದವರು ಬಿಸಿಲಿನಲ್ಲಿ ಮುದುಕಿಯರನ್ನು ನಿಲ್ಲಿಸಿ, 'ಆ ಪ್ಲಾಸ್ಟಿಕ್ ಕೊಡ ಆಚೆ ಇಡಿ, ಚಪ್ಪಲಿ ಬಿಚ್ಚಿ' ಎಂದು ಹೇಳಿ, ಒಂದೇ ಹಾಡನ್ನು ಏಳು ಸಲ ಹಾಡಿಸಿ ವಿಡಿಯೋ ಮಾಡಿಕೊಂಡರು. ಅವರಿಗೆ ಬೇಕಾದ ಅಪ್ಪಟತನದಲ್ಲಿ ಚಪ್ಪಲಿಗೆ ಜಾಗ ಇರಲಿಲ್ಲ. ಒಂದು ಪ್ರತಿ ಕಳಿಸುತ್ತೇವೆ ಎಂದಿದ್ದರು. ಕಳಿಸಲಿಲ್ಲ. ಹಾಡಿದವರಲ್ಲಿ ಇಬ್ಬರು ಈಗ ಇಲ್ಲ. ಅವರ ಮಕ್ಕಳ ಹತ್ತಿರ ಆ ದನಿ ಇಲ್ಲ. ಎಲ್. ಆರ್. ಹೆಗಡೆ, ಎನ್. ಆರ್. ನಾಯಕ ಅವರಂಥವರು ಈ ಜಿಲ್ಲೆಯಲ್ಲಿ ಊರೂರು ಸುತ್ತಿ ಹಾಡು ಬರೆದುಕೊಂಡರು. ಆ ನಡಿಗೆಯ ಬೆಲೆ ಈಗ ಗೊತ್ತಾಗುತ್ತಿದೆ. ಯಾರಾದರೂ ರೆಕಾರ್ಡ್ ಮಾಡಲು ಬಂದರೆ, ಪ್ರತಿಯನ್ನು ಅಲ್ಲೇ, ಆಗಲೇ ಮೊಬೈಲಿಗೆ ಹಾಕಿಸಿಕೊಳ್ಳಿ. ಆಮೇಲೆ ಎಂದರೆ ಒಪ್ಪಬೇಡಿ.

ಪ್ರಶ್ನೆ: ಮನೆಯ ಹಳೆ ಕ್ಯಾಸೆಟ್‌ಗಳಲ್ಲಿ ಆಯಿಯ ಹಾಡಿದೆ. ಮಳೆಗಾಲಕ್ಕೆ ಬೂಸಲು ಬಂದಿದೆ. ಏನು ಮಾಡಲಿ?
ಗೃಹಿಣಿ, ಭಟ್ಕಳ

ಉತ್ತರ: ಮೊದಲು, ಹಾಗೇ ಪ್ಲೇಯರಿಗೆ ಹಾಕಬೇಡಿ. ಬೂಸಲು ಯಂತ್ರದ ತಲೆಗೆ ಅಂಟಿ ಮುಂದಿನ ಕ್ಯಾಸೆಟ್‌ಗೂ ಹೋಗುತ್ತದೆ, ಟೇಪೂ ಹರಿಯಬಹುದು. ಒಣ ದಿನ ನೋಡಿ, ನೆರಳಿನಲ್ಲಿ ಗಾಳಿಗೆ ಇಡಿ. ಬಿಸಿಲಿಗೆ ಬೇಡ. ಸ್ಕ್ರೂ ಇರುವ ಡಬ್ಬಿಯಾದರೆ ತಿಳಿದವರ ಹತ್ತಿರ ಬಿಚ್ಚಿಸಿ, ಮೆತ್ತನೆ ಒಣ ಬಟ್ಟೆಯಲ್ಲಿ ಒರೆಸಿಸಿ. ಪೆನ್ಸಿಲ್ ತೂರಿಸಿ ಕೈಯಲ್ಲೇ ಒಂದು ಸಲ ಪೂರ್ತಿ ಸುತ್ತಿ. ಆಮೇಲೆ ಒಳ್ಳೆಯ ಪ್ಲೇಯರಿಗೆ ಹಾಕಿ, ವೈರಿನಲ್ಲಿ ಕಂಪ್ಯೂಟರಿಗೆ ಜೋಡಿಸಿ, ಒಂದೇ ಸಲಕ್ಕೆ ಎರಡೂ ಬದಿ ತುಂಬಿಸಿಕೊಳ್ಳಿ. ಎರಡನೇ ಸಲ ಅದು ಓಡುತ್ತದೆ ಎಂದು ನಂಬಬೇಡಿ. ಕ್ಯಾಸೆಟ್ ಎಸೆಯಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಮೇಲೆ ಹೆಸರು, ವರ್ಷ, ಯಾರ ಮದುವೆ ಎಂದು ಬರೆಯಿರಿ.

ಒಂದು ಬೇಡಿಕೆ ಇದೆ. ಅಂಗಡಿಯಲ್ಲಿ ಮಾಡಿಸಿದರೆ 'ಗಲಾಟೆ ತೆಗೆದು ಕ್ಲೀನ್ ಮಾಡಿಕೊಡುತ್ತೇವೆ' ಎನ್ನುತ್ತಾರೆ. ಹಾಗೇ ಇರಲಿ ಎನ್ನಿ. ನನ್ನ 1986ರ ಕ್ಯಾಸೆಟ್ಟಿನಲ್ಲಿ ಆರತಿ ಹಾಡಿನ ಹಿಂದೆ ಕಾಯಿ ತುರಿಯುವ ಶಬ್ದ ಇದೆ. ನಡುವೆ ಒಮ್ಮೆ ಕೊಟ್ಟಿಗೆಯಿಂದ ಕರು ಕೂಗುತ್ತದೆ. ಹಾಡು ಮುಗಿದ ಮೇಲೆ ತುರಿಯುವುದು ನಿಲ್ಲುತ್ತದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅಮ್ಮಮ್ಮ ಹತ್ತಿರ ಬಂದು ಕೇಳುತ್ತಾಳೆ: "ಅದು ಬಂದ್ ಆತನೇ?"